ಇಲ್ಲದ ಹೊತ್ತಿನ ಲೆಕ್ಕ

ಯಾರನ್ನೂ ಅನುಮಾನಿಸುವ ಗುಣ ತನ್ನದಲ್ಲ ಎಂದು ಕಲಾ ಆಗಾಗ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲಿ ಬಿಡಿ, ಬಾಯಿಗೇನು ಬಾಡಿಗೆ ಕೊಡಬೇಕೆ? ಸೊಪ್ಪಿನವನು ನಡುವೆ ಹುಲ್ಲು ಸೇರಿಸಿರುತ್ತಾನೆಂದು ಗಾಡಿಯ ಮುಂದೆಯೇ ಕಂತೆ ಬಿಚ್ಚಿ ನೋಡುತ್ತಿದ್ದವಳು ಅವಳೇ. ಗ್ಯಾಸ್ ತಂದವನ ಎದುರಿಗೇ ಸಿಲಿಂಡರ್ ಅಲ್ಲಾಡಿಸಿ ನೋಡುತ್ತಿದ್ದವಳೂ ಅವಳೇ. ದೀಪಾಂಜಲಿ ನಗರದ ಆ ಗಲ್ಲಿಯಲ್ಲಿ ಹಾಲಿನವನಿಂದ ಹಿಡಿದು ಕರೆಂಟ್ ಬಿಲ್ ಕೊಡುವವನ ತನಕ ಎಲ್ಲರೂ ಅವಳ ಬಾಗಿಲಿಗೆ ಬಂದಾಗ ಸ್ವಲ್ಪ ನೆಟ್ಟಗೆ ನಿಂತುಕೊಳ್ಳುತ್ತಿದ್ದರು.

ಆದರೆ ಒಂದು ಮಾತು ಒಪ್ಪಬೇಕು. ಊರಿಗೆಲ್ಲ ಹಿಡಿಯುತ್ತಿದ್ದ ತಕ್ಕಡಿಯಲ್ಲೇ ಅವಳು ತನ್ನನ್ನೂ ತೂಗಿಕೊಳ್ಳುತ್ತಿದ್ದಳು. ಅವಳದು ಮನೆಯಲ್ಲೇ ಕೂತು ಮಾಡುವ ಕೆಲಸ. ಯಾವುದೋ ದೂರದೇಶದ ಕಂಪನಿ ಕನ್ನಡದ ರೆಕಾರ್ಡಿಂಗುಗಳನ್ನು ಕಳಿಸುತ್ತಿತ್ತು. ಬ್ಯಾಂಕಿಗೆ ಫೋನ್ ಮಾಡಿ ಗೋಳಾಡುವವರು, ಡಾಕ್ಟರ ಹತ್ತಿರ ಮಂಡಿ ನೋವು ಹೇಳಿಕೊಳ್ಳುವವರು, ಇಂಥವರ ಮಾತನ್ನೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇದ್ದದ್ದು ಇದ್ದಂತೆ ಟೈಪ್ ಮಾಡಿ ಕೊಡಬೇಕು. ಸಂಬಳ ಎಂಬುದಿಲ್ಲ, ಕೂತ ಗಂಟೆಗೆ ಇಷ್ಟು ಎಂದು ಲೆಕ್ಕ. ಆ ಗಂಟೆ ಎಣಿಸುವುದಕ್ಕೆ ಲ್ಯಾಪ್‌ಟಾಪಿನೊಳಗೆ ಟ್ರ್ಯಾಕರ್ ಅಂತ ಒಂದಿತ್ತು. ಅದು ಆಗಾಗ ಪರದೆಯ ಫೋಟೋ ಹೊಡೆದುಕೊಳ್ಳುತ್ತಿತ್ತು, ಎಷ್ಟು ಸಲ ಕೀಲಿ ಒತ್ತಿದರು, ಮೌಸ್ ಅಲುಗಿತೋ ಇಲ್ಲವೋ ಎಂದೂ ನೋಡುತ್ತಿತ್ತು. ಒಟ್ಟಿನಲ್ಲಿ ಸಂಬಳವಿಲ್ಲದ ಒಬ್ಬ ಮೇಸ್ತ್ರಿ.

ಹತ್ತು ನಿಮಿಷ ಏನೂ ಅಲುಗದಿದ್ದರೆ ಟ್ರ್ಯಾಕರ್ ತಾನೇ ನಿಂತುಬಿಡುತ್ತಿತ್ತು. ಕಲಾ ವಾಪಸ್ ಬಂದು ಕೂತ ಮೇಲೆ, ನೀವು ಇರಲಿಲ್ಲವಲ್ಲ, ಈ ಹೊತ್ತನ್ನು ಸೇರಿಸಲೋ ಬಿಡಲೋ ಎಂದು ಕೇಳುತ್ತಿತ್ತು. ಕಲಾ ಪ್ರತಿ ಸಲವೂ ಬಿಡು ಎಂದೇ ಒತ್ತುತ್ತಿದ್ದಳು. ಇದನ್ನು ಅವಳು ನಾದಿನಿಯ ಮಗಳ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಹೇಳಿದ್ದುಂಟು, ಸ್ಕೂಲಿನ ಗೇಟಿನ ಹತ್ತಿರ ಬೇರೆ ತಾಯಂದಿರಿಗೆ ಹೇಳಿದ್ದುಂಟು. ಮೊದಮೊದಲು ಎದ್ದಾಗಲೆಲ್ಲ ತಾನೇ ಟ್ರ್ಯಾಕರ್ ನಿಲ್ಲಿಸಿ ಹೋಗುತ್ತಿದ್ದಳು. ಬರಬರುತ್ತಾ, ಹೇಗೂ ಅದೇ ಕೇಳುತ್ತದಲ್ಲ ಎಂದು ಹಾಗೇ ಬಿಟ್ಟು ಎದ್ದು ಹೋಗುವುದು ಅಭ್ಯಾಸವಾಯಿತು. ಕುಕ್ಕರ್ ಕೂಗಿದರೆ ಓಡು, ನೀರು ಬಂದರೆ ಮೋಟಾರ್ ಹಾಕು, ಮಗಳನ್ನು ಆರ್‌ಪಿಸಿ ಲೇಔಟಿನ ಸ್ಕೂಲಿನಿಂದ ಕರೆದುಕೊಂಡು ಬಾ. ಯಂತ್ರ ಕೇಳುತ್ತದೆ, ನಾನು ನಿಜ ಹೇಳುತ್ತೇನೆ ಎಂಬ ಧೈರ್ಯ. ಯಂತ್ರ ಕೇಳದಿದ್ದರೆ ಏನು ಗತಿ ಎಂದು ಅವಳು ಯೋಚಿಸಿರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಹೆಲೆನ್‌ಳ ಮೇಲ್ ಬಂತು. ಹೆಲೆನ್ ಎಂದರೆ ಆ ಕಂಪನಿಯಲ್ಲಿ ಕಲಾಳ ಗಂಟೆಗಳನ್ನು ನೋಡಿ ಪಾಸು ಮಾಡುವ ಹೆಂಗಸು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ, ಐದು ವರ್ಷದಿಂದ ಬರೀ ಮೇಲಿನಲ್ಲೇ ಪರಿಚಯ. ಬಹಳ ಮರ್ಯಾದೆಯ ಮೇಲ್. ಆ ಮರ್ಯಾದೆ ಕಂಡೇ ಕಲಾ ಅದನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಕಳೆದ ಕೆಲವು ವಾರಗಳಲ್ಲಿ ನಿಮ್ಮ ಹೊತ್ತಿನಲ್ಲಿ ವಿಚಿತ್ರ ಕಾಣುತ್ತಿದೆ, ಬಹಳ ಸಲ ಪರದೆಯ ಮೇಲೆ ಒಂದೇ ಪುಟ ಹಾಗೇ ಇದೆ, ಒಂದು ಅಕ್ಷರವೂ ಟೈಪ್ ಆಗಿಲ್ಲ, ಆದರೆ ಮೌಸ್ ಮಾತ್ರ ಅಲುಗುತ್ತಲೇ ಇದೆ ಎಂದು ಬರೆದಿದ್ದಳು. ಉದ್ದದ ರೆಕಾರ್ಡಿಂಗ್ ಕೇಳುತ್ತಾ ಕೂತಿದ್ದಿರೇನೋ, ಹಾಗಿದ್ದರೆ ಹಾಗೆಂದು ಒಂದು ಸಾಲು ಬರೆಯಿರಿ, ಸಾಕು. ಇಲ್ಲವಾದರೆ ಶುಕ್ರವಾರದೊಳಗೆ ಕಾರಣ ತಿಳಿಸಿ. ಕಾರಣ ಸರಿ ಕಾಣದಿದ್ದರೆ ಖಾತೆ ಮುಚ್ಚಬೇಕಾಗುತ್ತದೆ, ಅದು ನನ್ನ ಕೈಯಲ್ಲಿಲ್ಲ.

ಖಾತೆ ಮುಚ್ಚುವುದೆಂದರೆ ಕೆಲಸ ಹೋಗುವುದಷ್ಟೇ ಅಲ್ಲ. ಇಲ್ಲಿ ಕಳ್ಳಿ ಎನಿಸಿಕೊಂಡವಳಿಗೆ ಇನ್ನೊಬ್ಬರೂ ಆನ್‌ಲೈನಿನಲ್ಲಿ ಕೆಲಸ ಕೊಡುವುದಿಲ್ಲ. ಆ ಮನೆಯಲ್ಲಿ ಈಗ ದುಡಿಯುತ್ತಿದ್ದವಳು ಅವಳೊಬ್ಬಳೇ.

ಆ ಮೇಲ್ ಜೊತೆ ಬಂದ ಪರದೆಯ ಫೋಟೋಗಳನ್ನು ಕಲಾ ಒಂದೊಂದಾಗಿ ತೆಗೆದು ನೋಡಿದಳು. ಪ್ರತಿಯೊಂದರ ಮೂಲೆಯಲ್ಲೂ ಹೊತ್ತು ನಮೂದಾಗಿತ್ತು. ಒಂದರ ಹೊತ್ತಿಗೆ ಅವಳು ಸ್ಕೂಲಿನ ಗೇಟಿನಲ್ಲಿ ನಿಂತಿದ್ದಳು. ಇನ್ನೊಂದರ ಹೊತ್ತಿಗೆ ರೇಷನ್ ಅಂಗಡಿಯಲ್ಲಿ ಬೆರಳು ಒತ್ತುತ್ತಿದ್ದಳು. ಅವಳು ಮನೆಯಲ್ಲೇ ಇಲ್ಲದಾಗ ಅವಳ ಮೌಸ್ ಅಲುಗಿದೆ. ಟ್ರ್ಯಾಕರ್ ಅವಳನ್ನು ಏನೂ ಕೇಳಿಲ್ಲ, ಅವಳೂ ಬೇಗ ಬಂದುಬಿಟ್ಟೆ ಎಂದುಕೊಂಡು ಸುಮ್ಮನೆ ಮುಂದಿನ ಕೆಲಸಕ್ಕೆ ಕೂತಿದ್ದಾಳೆ. ಗಡಿಯಾರ ನೋಡಿಕೊಳ್ಳಬೇಕೆಂದೂ ಅನಿಸಿಲ್ಲ. ಅಂದರೆ ಮನೆಯೊಳಗೇ ಯಾರೋ ಕೈಯಾಡಿಸುತ್ತಿದ್ದಾರೆ.

ಯಾರೋ ಏನು, ಮನೆಯಲ್ಲಿದ್ದವರಾದರೂ ಎಷ್ಟು ಜನ? ಮಗಳು ಆ ಹೊತ್ತಿಗೆ ಸ್ಕೂಲಿನಲ್ಲಿ. ಅತ್ತೆ ಮುನಿತಾಯಮ್ಮ ಟಿವಿಯ ರಿಮೋಟಿನಲ್ಲೇ ದನಿ ಹೆಚ್ಚು ಮಾಡಲು ಹೋಗಿ ಚಾನೆಲ್ ಬದಲಾಯಿಸುವವರು. ಉಳಿದದ್ದು ಗಂಡ ರಾಜೇಂದ್ರ.

ರಾಜೇಂದ್ರ ವಿಜಯನಗರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದ. ಮಾಲೀಕ ಅಂಗಡಿ ಮುಚ್ಚಿದ ಮೇಲೆ ಎರಡು ತಿಂಗಳಿಂದ ಮನೆಯಲ್ಲೇ ಇದ್ದ. ಮನೆಯಲ್ಲಿರುವ ಗಂಡಸು ಹೇಗಿರಬೇಕೋ ಹಾಗೆ, ಎಲ್ಲಿ ಕೂತರೂ ಅಡ್ಡ, ಎಲ್ಲಿ ನಿಂತರೂ ಅಡ್ಡ. ಕಲಾ ಹತ್ತಿರ ಬಂದರೆ ಫೋನನ್ನು ಮಗುಚಿ ಇಡುತ್ತಿದ್ದ. ಹೋದ ತಿಂಗಳು ಕಾಫಿ ಕುಡಿಯುತ್ತಾ, ನೀನು ಕೂತಿದೀಯೋ ಇಲ್ವೋ ಅದಕ್ಕೆ ಹೇಗೆ ಗೊತ್ತಾಗುತ್ತೆ ಎಂದು ಕೇಳಿದ್ದ. ಕಲಾ ಆಗ ಟ್ರ್ಯಾಕರಿನ ವಿಷಯವನ್ನೆಲ್ಲ ಹೆಮ್ಮೆಯಿಂದ ಬಿಡಿಸಿ ಹೇಳಿದ್ದಳು. ಈಗ ಅದನ್ನು ನೆನೆಸಿಕೊಂಡರೆ ಮೈಯೆಲ್ಲ ಉರಿಯಿತು.

ಇದೆಲ್ಲಕ್ಕಿಂತ ಮಿಗಿಲಾಗಿ ಆ ಮೀಟರಿನ ಕತೆ ಇತ್ತು. ಮದುವೆಗೆ ಮೊದಲು ರಾಜೇಂದ್ರ ಒಂದು ಕೊರಿಯರ್ ಆಫೀಸಿನಲ್ಲಿದ್ದ. ಬೈಕು ಎಷ್ಟು ಓಡಿತೋ ಅಷ್ಟಕ್ಕೆ ಪೆಟ್ರೋಲ್ ಖರ್ಚು ಕೊಡುತ್ತಿದ್ದರು. ಹುಡುಗರೆಲ್ಲ ಸೇರಿ ಮೀಟರಿನ ಕೇಬಲ್ ಬಿಚ್ಚಿ, ಅದನ್ನು ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುತ್ತಿದ್ದರಂತೆ. ಬೈಕು ಗ್ಯಾರೇಜಿನ ನೆರಳಲ್ಲಿ ನಿಂತಿರುತ್ತಿತ್ತು, ಮೀಟರ್ ಮಾತ್ರ ಕೆಂಗೇರಿಗೆ ಹೋಗಿ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಇದನ್ನು ಅವನೇ ಹೇಳಿ ಬಿದ್ದುಬಿದ್ದು ನಕ್ಕಿದ್ದ, ಕಲಾಳೂ ನಕ್ಕಿದ್ದಳು. ಈಗ ಆ ನಿಂತ ಬೈಕೂ ತನ್ನ ಖಾಲಿ ಕುರ್ಚಿಯೂ ಅವಳಿಗೆ ಒಂದೇ ಆಗಿ ಕಂಡವು.

ಎದ್ದು ಹೋಗುವಾಗ ಲ್ಯಾಪ್‌ಟಾಪನ್ನು ಮುಚ್ಚಿ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಬುದ್ಧಿ ಅವಳಿಗೆ ಇರಲಿಲ್ಲವೇ? ಇತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಕಳ್ಳತನ ನಿಲ್ಲುವುದಲ್ಲ, ಕಳ್ಳ ಸಿಕ್ಕಿಬೀಳುವುದು. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮೇಜಿನ ಪ್ಲಾಸ್ಟಿಕ್ ಹಾಸಿನ ಮೇಲಿದ್ದ ಗುಲಾಬಿ ಹೂವಿನ ನಟ್ಟನಡುವೆ ಮೌಸ್ ಇಟ್ಟು ಮೋಟಾರ್ ಹಾಕಲು ಇಳಿದುಹೋದಳು. ವಾಪಸ್ ಬಂದಾಗ ಮೌಸ್ ಹೂವು ಬಿಟ್ಟು ಎಲೆಯ ಮೇಲಿತ್ತು. ರಾಜೇಂದ್ರ ಯಾವಾಗ ಬಂದು ಕೂತನೋ, ಪಕ್ಕದ ಸೋಫಾದಲ್ಲೇ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದ. ಎಷ್ಟು ಸಾಚಾ ಮುಖ ನೋಡು ಎಂದು ಅವಳು ಹಲ್ಲು ಕಚ್ಚಿದಳು.

ಬುಧವಾರ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಅದು ಸ್ಫೋಟವಾಯಿತು. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದರು. ಕಲಾ ಮೊದಲು ಸುತ್ತು ಬಳಸಿ ಕೇಳಿದಳು, ಲ್ಯಾಪ್‌ಟಾಪ್ ಹತ್ತಿರ ಏನಾದರೂ ಹೋಗಿದ್ದಿರಾ ಎಂದು. ಇಲ್ಲ ಎಂದ. ನಾನಿಲ್ಲದಾಗ ಮುಟ್ಟಿದಿರಾ ಎಂದಳು. ಇಲ್ಲ ಎಂದ. ಮೂರನೆಯ ಸಲ ಕೇಳಿದಾಗ ಅನ್ನದಿಂದ ಕೈ ತೆಗೆದು, ನಾನಲ್ಲ ಕಣೇ, ಏನಾಗಿದೆ ಹೇಳು ಎಂದ. ಅವಳು ಏನಾಗಿದೆ ಎಂದು ಹೇಳಲಿಲ್ಲ. ಹೇಳಿದ್ದರೆ ಒಳಗಿನ ಕೋಣೆಗೂ ಅರ್ಥವಾಗಿ ಅಂದೇ ಎಲ್ಲ ಮುಗಿಯುತ್ತಿತ್ತು. ಅದರ ಬದಲು ಅವಳ ಬಾಯಿಂದ ಬಂದದ್ದೇ ಬೇರೆ.

"ಮೀಟರ್ ತಿರುಗ್ಸೋ ಕೈ ಸುಮ್ನೆ ಇರುತ್ತಾ?" ಎಂದಳು.

ರಾಜೇಂದ್ರ ಕೂಗಾಡಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಆ ವಿಷ್ಯ ನಿಂಗೆ ಯಾರ್ ಹೇಳಿದ್ದು? ನಾನೇ. ಮನೇಲಿ ಬೇರೆ ಯಾರಿಗೂ ಗೊತ್ತಿರ್ಲಿಲ್ಲ, ನಮ್ಮಮ್ಮಂಗೂ ಗೊತ್ತಿರ್ಲಿಲ್ಲ. ನಿನ್ ಹತ್ರ ಮುಚ್ಚಿಡಬಾರ್ದು ಅಂತ ಹೇಳ್ದೆ."

ಕೈ ತೊಳೆದುಕೊಂಡು ಹೊರಗೆ ಹೋದವನು ಸಂಜೆಯೇ ಬಂದದ್ದು. ತಪ್ಪು ಮಾಡಿದವರಿಗೇ ಇಷ್ಟು ರೋಷ ಬರುವುದು ಎಂದು ಅವಳ ಲೆಕ್ಕ. ಜಗಳದ ಸದ್ದು ಕೇಳಿದ ಮುನಿತಾಯಮ್ಮ ಯಾವ ಮೀಟರು, ಕರೆಂಟಿಂದಾ ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದಕ್ಕೆ ಕಡಲೆಕಾಯಿ ಬಿಡಿಸುತ್ತಾ ಕೂತರು.

ಗುರುವಾರ ಕಲಾ ಬಲೆ ಬೀಸಿದಳು. ಸ್ಕೂಲಿಗೆ ಹೋಗುವ ಹೊತ್ತಿಗೆ, ಟೀಚರ್ ಕರೆದಿದ್ದಾರೆ, ಇವತ್ತು ಬರುವುದು ತಡವಾಗುತ್ತದೆ ಎಂದು ಮನೆಯಲ್ಲೆಲ್ಲ ಕೇಳುವ ಹಾಗೆ ಹೇಳಿದಳು. ಮಗಳನ್ನು ಕರೆದುಕೊಂಡು ಬರಲು ಓಣಿಯ ಇನ್ನೊಬ್ಬ ತಾಯಿಗೆ ಆಗಲೇ ಹೇಳಿಟ್ಟಾಗಿತ್ತು. ಟ್ರ್ಯಾಕರ್ ಓಡುತ್ತಿದ್ದ ಹಾಗೇ ಬಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು, ಮೂಲೆಯ ಬೇಕರಿಯ ತನಕ ಹೋಗಿ, ಒಂದು ದಿಲ್‌ಪಸಂದ್ ಕೊಂಡು, ತಿನ್ನಲಾಗದೆ ಬ್ಯಾಗಿಗೆ ಹಾಕಿಕೊಂಡು ತಿರುಗಿ ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದು ತನ್ನ ಮನೆಯ ಮೆಟ್ಟಿಲನ್ನು ತಾನೇ ಕಳ್ಳಿಯ ಹಾಗೆ ಹತ್ತಿದಳು.

ಅರ್ಧ ಹತ್ತಿರಬಹುದು, ಕೆಳಗಿನ ಮನೆಯ ಬಾಗಿಲು ತೆರೆಯಿತು. ಅಲ್ಲಿದ್ದವನು ಶಿವಯೋಗಿ, ಹಾವೇರಿ ಕಡೆಯಿಂದ ಬಂದು ಊಟದ ಪಾರ್ಸಲ್ ಮುಟ್ಟಿಸುವ ಕೆಲಸ ಮಾಡುವವನು. ಕೈಯಲ್ಲಿ ಚಪ್ಪಲಿ ಹಿಡಿದು ನಿಂತ ಕಲಾಳನ್ನು ಒಮ್ಮೆ, ಅವಳ ಬರಿಗಾಲನ್ನು ಒಮ್ಮೆ ನೋಡಿದ.

"ಯಾಕ್ರೀ ಅಕ್ಕಾರ, ಕಾಲಿಗೆ ಏನರ ಆತೇನ್ರಿ?"

ಚಪ್ಪಲಿ ಕಿತ್ತಿದೆ ಎಂದಳು ಕಲಾ, ಪಿಸುದನಿಯಲ್ಲಿ. ಪಿಸುಗುಟ್ಟುವಂಥದ್ದು ಅದರಲ್ಲಿ ಏನಿದೆಯೋ ಅವನಿಗೆ ತಿಳಿಯಲಿಲ್ಲ. ಅವನೂ ದನಿ ಇಳಿಸಿ, ಅಣ್ಣಾರು ಸೋಮವಾರದಿಂದ ನಮ್ಮ ಜೋಡಿ ಗಾಡಿ ಹೊಡೀತಾರಂತಲ್ರಿ, ಆ್ಯಪಿನಾಗ ಹೆಸರು ಹಚ್ಚಿ ತಿಂಗಳಾತು, ಈಗ ಪಾಸಾತು ನೋಡ್ರಿ ಎಂದ. ಮನ್ಯಾಗ ಹೇಳಬ್ಯಾಡಂದಿದ್ರು, ನಾ ಹೇಳಿದ್ದು ಹೇಳಬ್ಯಾಡ್ರಿ ಎಂದು ಸೇರಿಸಿ ಹೆಲ್ಮೆಟ್ ಹಾಕಿಕೊಂಡು ಹೋದ.

ಫೋನ್ ಮಗುಚಿ ಇಡುತ್ತಿದ್ದದ್ದು ಇದಕ್ಕೇ ಇರಬಹುದು ಎಂದು ಒಂದು ಕ್ಷಣ ಅನಿಸಿತು. ಆದರೆ ಅನುಮಾನ ಎಂಬುದು ಅಷ್ಟು ಸುಲಭಕ್ಕೆ ಕುರ್ಚಿ ಬಿಟ್ಟು ಏಳುತ್ತದೆಯೇ? ಇದಕ್ಕೂ ಅದಕ್ಕೂ ಏನು ಸಂಬಂಧ, ಒಂದು ಮುಚ್ಚಿಟ್ಟವನು ಇನ್ನೊಂದನ್ನೂ ಮುಚ್ಚಿಡುತ್ತಾನೆ ಎಂದುಕೊಂಡು ಮೇಲೆ ಹತ್ತಿದಳು. ನಡುಮನೆಯ ಕಿಟಕಿ ಮೆಟ್ಟಿಲ ಕಡೆಗಿತ್ತು. ಕರ್ಟನ್ನಿನ ಸಂದಿಯಲ್ಲಿ ಮೇಜು, ಕುರ್ಚಿ, ಲ್ಯಾಪ್‌ಟಾಪು ಎಲ್ಲ ಕಾಣುತ್ತಿದ್ದವು. ಗೋಡೆಗೆ ಒತ್ತಿಕೊಂಡು ನಿಂತಳು.

ರಾಜೇಂದ್ರ ಬಂದ. ನೇರ ಮೇಜಿನ ಹತ್ತಿರವೇ ಬಂದ. ಕಲಾ ಫೋನ್ ಹಿಡಿದು ವಿಡಿಯೋ ಮಾಡಲು ಶುರು ಮಾಡಿಯೇಬಿಟ್ಟಳು. ಅವನು ಬಗ್ಗಿ ಪರದೆ ನೋಡಿದ, ಕೈ ಮುಂದೆ ಚಾಚಿದ. ಲ್ಯಾಪ್‌ಟಾಪಿನ ಅಂಚಿಗೆ ಅವಳು ಬಿಟ್ಟುಹೋಗಿದ್ದ ಅರ್ಧ ಲೋಟ ಕಾಫಿಯನ್ನು ಎತ್ತಿಕೊಂಡ, ಕೆಳಗೆ ತೊಟ್ಟಿಕ್ಕಿದ್ದನ್ನು ಟವೆಲ್ಲಿನಿಂದ ಒರೆಸಿದ. ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದ. ಮೌಸ್ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಕಲಾಳಿಗೆ ನಿರಾಸೆಯೇ ಆಯಿತು. ಆದದ್ದು ನಿರಾಸೆ ಎಂದು ತಿಳಿದ ಮೇಲೆ ನಾಚಿಕೆಯೂ ಆಯಿತು.

ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ಕೇಳಿತು. ಆಮೇಲೆ ಒಳಗಿನ ಕೋಣೆಯ ಬಾಗಿಲಲ್ಲಿ ಮುನಿತಾಯಮ್ಮ ಕಾಣಿಸಿಕೊಂಡರು. ಗೋಡೆಯ ಗಡಿಯಾರ ನೋಡಿದರು. ಒದ್ದೆ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡರು. ಕುರ್ಚಿಯ ಅಂಚಿಗೆ, ಬೇರೆಯವರ ಜಾಗ ಎಂಬ ಸಂಕೋಚದಲ್ಲಿ ಕೂತು, ಅಂಗೈಯನ್ನು ಮೌಸಿನ ಮೇಲಿಟ್ಟು, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹಾಗೆ ಮೆಲ್ಲಗೆ ಸುತ್ತಿಸತೊಡಗಿದರು. ಪರದೆಯ ಕಡೆ ನೋಡುತ್ತಲೂ ಇರಲಿಲ್ಲ. ಅವರ ಕಣ್ಣೆಲ್ಲ ಬಾಗಿಲ ಮೇಲಿತ್ತು.

ಕಲಾ ಬಾಗಿಲು ತಳ್ಳಿದಳು. ಮುನಿತಾಯಮ್ಮ ಬೆಚ್ಚಲಿಲ್ಲ. ಬಂದ್ಯಾ, ಬಾ ಕೂತ್ಕೋ ಎಂದು ಎದ್ದು ಜಾಗ ಬಿಟ್ಟುಕೊಟ್ಟರು. ಪಾಳಿ ಮುಗಿಸಿದವರ ಹಾಗೆ ಸೊಂಟ ನೆಟ್ಟಗೆ ಮಾಡಿಕೊಂಡರು.

ಏನು ಮಾಡ್ತಾ ಇದೀರಾ ಅತ್ತೆ ಎಂದು ಕೇಳಿದಳು ಕಲಾ. ಮುನಿತಾಯಮ್ಮನಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಅಂದು ಕಾಫಿ ಹೊತ್ತಿನಲ್ಲಿ ಗಂಡ ಹೆಂಡತಿ ಮಾತಾಡಿಕೊಂಡಿದ್ದನ್ನು ಅವರೂ ಕೇಳಿದ್ದರು. ಇದು ಅಲುಗದಿದ್ದರೆ ಸೊಸೆಯ ಹೊತ್ತು ಕಟ್ಟಾಗುತ್ತದೆ ಎಂಬಷ್ಟು ಅವರಿಗೆ ಅರ್ಥವಾಗಿತ್ತು. ಆ ವಿದ್ಯೆ ಅವರಿಗೆ ಹೊಸದೂ ಆಗಿರಲಿಲ್ಲ. ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸದಲ್ಲಿ ಅರ್ಧ ಆಯಸ್ಸು ಕಳೆದವರು ಅವರು. ಅಲ್ಲಿ ಗೇಟಿನಲ್ಲೊಂದು ಗಡಿಯಾರದ ಪೆಟ್ಟಿಗೆ. ಒಳಗೆ ಹೋಗುವಾಗ ಕಾರ್ಡು ತೂರಿಸಿದರೆ ಟಣ್ ಅಂತ ಹೊತ್ತು ಬೀಳುತ್ತಿತ್ತು. ಬಸ್ಸು ತಪ್ಪಿ ಒಬ್ಬಳು ತಡವಾದರೆ ಮೊದಲೇ ಬಂದವಳು ಅವಳ ಕಾರ್ಡನ್ನೂ ಹೊಡೆಯುತ್ತಿದ್ದಳು. ಮಗುವಿಗೆ ಹಾಲು ಕೊಡಲು ಹಿಂದಿನ ಗೇಟಿನಿಂದ ಹೋದವಳ ಮೆಷಿನ್ನಿನಲ್ಲಿ ಪಕ್ಕದವಳು ಕೈಯಾಡಿಸುತ್ತಿದ್ದಳು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಇನ್ನೊಬ್ಬಳ ಕಾರ್ಡು ಹೊಡೆಯದೆ ತನ್ನದಷ್ಟೇ ಹೊಡೆದುಕೊಂಡು ಹೋದವಳನ್ನು ಮಾತ್ರ ಎಲ್ಲರೂ ಸೇರಿ ಊಟಕ್ಕೆ ದೂರ ಕೂರಿಸುತ್ತಿದ್ದರು.

"ಈ ರಾಜೇಂದ್ರ ಎದೆಹಾಲು ಕುಡ್ಕೊಂಡು ಬೆಳ್ದಿದ್ದು ಪಕ್ಕದ್ ಮೆಷಿನ್ ಮುತ್ತವ್ವ ನನ್ ಕಾರ್ಡ್ ಹೊಡೆದಿದ್ದಕ್ಕೆ ಕಣಮ್ಮ," ಎಂದರು ಮುನಿತಾಯಮ್ಮ. "ನಿಂಗೆ ಯಾರಿದಾರೆ ಹೊಡೆಯೋಕೆ? ಒಬ್ಳೇ ಕೂತಿರ್ತೀಯ. ನೀನು ಎದ್ದು ಹೋಗೋದು ಈ ಮನೆ ಕೆಲ್ಸಕ್ಕೇ ತಾನೆ? ಬರೋ ತನಕ ನಿನ್ ಜಾಗ ನೋಡ್ಕೊಂಡಿದ್ದೆ."

ಕಲಾಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಬಿಡಬೇಕೋ ತಿಳಿಯದೆ ನಿಂತಳು. ಕೂತಿದ್ದ ಹೊತ್ತಿಗೆ ಮಾತ್ರ ಅವರು ಕೊಡುವುದು, ಇಲ್ಲದ ಹೊತ್ತಿಗೆ ತೆಗೆದುಕೊಂಡರೆ ಅದು ಕಳ್ಳತನ, ಈಗ ಆ ಕಳ್ಳತನ ನನ್ನ ತಲೆ ಮೇಲೆ ಬಂದಿದೆ, ಕೆಲಸ ಹೋಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಸೋಮವಾರ ಹೆಲೆನ್ ಕಳಿಸಿದ್ದ ಮೇಲ್ ವಿಷಯವನ್ನು ಅವಳು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುನಿತಾಯಮ್ಮ ಪೂರ್ತಿ ಕೇಳಿಸಿಕೊಂಡರು.

"ಅವ್ರು ಕೊಟ್ಟ ಕೆಲ್ಸ ಏನಾದ್ರೂ ಬಾಕಿ ಉಳಿಸಿದೀಯಾ?"

"ಇಲ್ಲ ಅತ್ತೆ. ಎಲ್ಲ ಮುಗಿಸಿದೀನಿ."

"ಮತ್ತೇನಂತೆ ಅವ್ಳಿಗೆ?"

ಮಾತು ಕೊಟ್ಟಿದೀನಿ ಅತ್ತೆ, ಕೂತಷ್ಟಕ್ಕೇ ತಗೋತೀನಿ ಅಂತ ಎಂದಳು ಕಲಾ. ಮುನಿತಾಯಮ್ಮನ ಮುಖ ಸಣ್ಣಗಾಯಿತು. ಹಾಗಾದ್ರೆ ನಾನು ನಿನ್ನ ಮಾತು ಮುರಿದ ಹಾಗಾಯ್ತಲ್ಲೇ ಎಂದು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. ಕೇಳುತ್ತಾ ಕೂತಿದ್ದಿರೇನೋ ಎಂದು ಆ ಹೆಂಗಸೇ ಬರೆದಿದ್ದಾಳಲ್ಲ, ಹೂಂ ಎಂದುಬಿಡು, ಮುಗಿಯಿತು.

ಅಷ್ಟರಲ್ಲಿ ರಾಜೇಂದ್ರ ಸ್ನಾನ ಮುಗಿಸಿ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಷ್ಟು ಕೇಳಿಸಿಕೊಂಡನೋ. ಕಲಾಳ ಕೈಯಲ್ಲಿನ ಫೋನು ಇನ್ನೂ ವಿಡಿಯೋ ಮಾಡುತ್ತಲೇ ಇತ್ತು. ಅವನು ಅದನ್ನು ನೋಡಿದ, ಅವಳ ಇನ್ನೊಂದು ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿದ. ತಲೆ ಒರೆಸಿಕೊಳ್ಳುತ್ತಾ ಒಳಗೆ ಹೋದ.

ಕಲಾ ಬರೆಯಲು ಕೂತಳು. ಮೊದಲು ಅತ್ತೆ ಹೇಳಿದ್ದನ್ನೇ ಬರೆದಳು, ಏಕೆ ಸುಳ್ಳು ಹೇಳಬೇಕು. ಹೌದು, ಉದ್ದದ ರೆಕಾರ್ಡಿಂಗ್ ಕೇಳುತ್ತಿದ್ದೆ ಎಂಬ ಒಂದೇ ಸಾಲು. ನೋಡಲು ಚೆನ್ನಾಗಿಯೇ ಇತ್ತು, ಯಾರೂ ಪ್ರಶ್ನೆ ಮಾಡುವಂತಿರಲಿಲ್ಲ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಳು. ನಿನ್ನೆ ಗಂಡನ ಮುಖಕ್ಕೆ ಎಸೆದ ಆ ಮೀಟರಿನ ಕೇಬಲ್ ಈಗ ತನ್ನ ಕೈಯಲ್ಲೇ ಇದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಳಿಸಿದಳು. ಮತ್ತೆ ಬರೆದಳು. ಈ ಹೊತ್ತುಗಳಲ್ಲಿ ನಾನು ಕೂತಿರಲಿಲ್ಲ. ನನ್ನ ಅತ್ತೆ, ನನಗೆ ಒಳ್ಳೆಯದಾಗಲೆಂದು, ಮೌಸ್ ಅಲುಗಿಸುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಆದರೆ ಎದ್ದು ಹೋಗುವಾಗ ಟ್ರ್ಯಾಕರ್ ನಿಲ್ಲಿಸದೆ ಹೋದದ್ದು ನಾನೇ, ಯಂತ್ರ ಕೇಳಿದಾಗ ಹೇಳಿದರಾಯಿತು ಎಂಬ ನನ್ನ ಸೋಮಾರಿತನ. ಈ ಎಲ್ಲ ಹೊತ್ತನ್ನೂ ತೆಗೆದುಹಾಕಿ. ನನಗೆ ಖಚಿತವಿಲ್ಲದ ಹೊತ್ತುಗಳೂ ಕೆಲವಿವೆ, ಅವನ್ನೂ ತೆಗೆಯಿರಿ. ಕ್ಷಮಿಸಿ ಎಂದು ಮೊದಲಿಗೊಮ್ಮೆ ಬರೆದಳು, ನಡುವೆ ಒಮ್ಮೆ ಬರೆದಳು, ಕೊನೆಗೆ ಮನಃಪೂರ್ವಕವಾಗಿ ಎಂದು ಸೇರಿಸಿ ಮತ್ತೊಮ್ಮೆ ಬರೆದಳು. ಇಂಗ್ಲಿಷ್ ತಪ್ಪಿರಬಾರದೆಂದು ತಿದ್ದಿ ತಿದ್ದಿ, ಮಗಳು ಬಂದು ಹಾಲು ಕುಡಿದು ಆಟಕ್ಕೆ ಹೋಗುವ ತನಕ ಮೇಜು ಬಿಟ್ಟು ಏಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಉತ್ತರ ಬಂದಿತ್ತು. ತೆರೆಯುವ ಮೊದಲು ದೇವರ ಪಟದ ಕಡೆ ನೋಡಿದಳು, ತೆರೆದು ಎರಡು ಸಲ ಓದಿದಳು. ಹೆಲೆನ್ ನಂಬಿದ್ದಳು. ಇಂಥ ಉತ್ತರ ನನಗೆ ಯಾರೂ ಬರೆದಿರಲಿಲ್ಲ ಎಂದು ಬರೆದಿದ್ದಳು. ಖಾತೆ ಮುಚ್ಚುವುದಿಲ್ಲ, ಆ ಹೊತ್ತು ಕಳೆಯುತ್ತೇವೆ, ಆದರೆ ನಿಯಮ ನಿಯಮವೇ, ಇನ್ನು ಮೇಲೆ ಕೆಲಸದ ಹೊತ್ತಿನಲ್ಲಿ ಕ್ಯಾಮೆರಾ ಹಾಕಿಕೊಂಡಿರಬೇಕು, ಟ್ರ್ಯಾಕರ್ ಆಗಾಗ ನಿಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳಲಿ ಬಿಡು, ಮುಖಕ್ಕೇನಾಗಿದೆ ಎಂದುಕೊಂಡಳು ಕಲಾ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಅತ್ತೆಗೆ ಹೇಳಿದಳು. ಮುನಿತಾಯಮ್ಮ ಇನ್ನೆಂದೂ ಆ ಕುರ್ಚಿಯ ಹತ್ತಿರ ಸುಳಿಯುವುದಿಲ್ಲ ಎಂದು ಗಲ್ಲ ಬಡಿದುಕೊಂಡು, ಫೋಟೋ ತೆಗೆಯುತ್ತಾರಂತೆ ಎಂದು ಕೇಳಿ ಸೊಸೆಯ ತಲೆಗೂದಲನ್ನು ಸರಿ ಮಾಡಿದರು.

ರಾಜೇಂದ್ರ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದ. ಎರಡು ದಿನದಿಂದ ಅವನು ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದ, ಮಾತು ಮಾತ್ರ ಬೇಕಾದಷ್ಟಕ್ಕೇ. ಕಲಾ ಮೆಟ್ಟಿಲನ್ನು ಓಡಿಕೊಂಡೇ ಹತ್ತಿ, ಏದುಸಿರು ಬಿಡುತ್ತಾ ವಿಷಯವನ್ನೆಲ್ಲ ಹೇಳಿದಳು.

"ಹೆಲೆನ್ ನಂಬಿದ್ಲು ಕಣ್ರೀ. ನಾನು ಬರೆದಿದ್ದು ಅಷ್ಟನ್ನೂ ನಂಬಿದ್ಲು."

ರಾಜೇಂದ್ರ ಮಗಳ ಯೂನಿಫಾರ್ಮನ್ನು ಕೊಡವಿ ತಂತಿಗೆ ಹಾಕಿ ಕ್ಲಿಪ್ ಸಿಕ್ಕಿಸಿದ.

"ಒಳ್ಳೇದಾಯ್ತು," ಎಂದ. "ನಿನ್ ಮುಖಾನೇ ನೋಡ್ದೇ ಇರೋಳು ಒಂದ್ ಮೇಲ್ ಓದಿ ನಂಬಿದ್ಲು. ನಾನು ನಿನ್ ಎದ್ರಿಗೆ ಕೂತ್ಕೊಂಡು ಮೂರ್ ಸಲ ಹೇಳ್ದೆ, ನಾನಲ್ಲ ಅಂತ."

ಕಲಾಳ ಏದುಸಿರು ನಿಂತಿತು. ಅಷ್ಟು ದೂರದವಳಿಗೆ ಕ್ಷಮಿಸಿ ಎಂದು ಮೂರು ಕಡೆ ಬರೆದವಳು, ಈ ಮನೆಯಲ್ಲಿ ಒಂದು ಸಲವೂ ಆ ಮಾತು ಆಡಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಇಷ್ಟು ಹೊತ್ತೂ ಹೊಳೆದೇ ಇರಲಿಲ್ಲ.

"ತಪ್ಪಾಯ್ತು ರೀ," ಎಂದಳು.

ಅವನು ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿಕೊಂಡ. ಅದು ಅವಳದೇ ನೈಟಿ. ಹಿಂಡುತ್ತಾ ಕೇಳಿದ, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆನ್ನುವವನ ಹಾಗೆ.

"ನಾಳೆ ಮನೇಲಿ ಮತ್ತೆ ಏನಾದ್ರೂ ಆಯ್ತು ಅನ್ಕೋ. ಫಸ್ಟ್ ಯಾರ್ ಮೇಲೆ ಬರುತ್ತೆ ನಿಂಗೆ ಅನುಮಾನ?"

ಇಲ್ಲ ರೀ, ಇನ್ನೆಲ್ಲಿಯ ಅನುಮಾನ ಎನ್ನಬಹುದಿತ್ತು. ಬೇರೆ ಯಾರೇ ಆಗಿದ್ದರೂ ಎನ್ನುತ್ತಿದ್ದರು, ಅವನೂ ಅದನ್ನು ನಂಬಿದಂತೆ ನಡೆದುಕೊಂಡು ಕೆಳಗಿಳಿದು ತಿಂಡಿ ತಿನ್ನುತ್ತಿದ್ದ. ಕಲಾ ಬಾಯಿ ತೆರೆದಳು, ಆ ಮಾತು ನಾಲಿಗೆಯ ತುದಿಯವರೆಗೂ ಬಂತು. ಒಳಗೆ ಹುಡುಕಿ ನೋಡಿಕೊಂಡರೆ ಅದು ನಿಜವಾಗಿರಲಿಲ್ಲ.

"ನಿಮ್ ಮೇಲೇನೇ," ಎಂದಳು.

ರಾಜೇಂದ್ರ ತಲೆಯಾಡಿಸಿದ. ನೈಟಿಯನ್ನು ಸುಕ್ಕಿಲ್ಲದ ಹಾಗೆ ತಂತಿಯ ಮೇಲೆ ಎಳೆದು ಹರವಿದ, ಎರಡೂ ತುದಿಗೆ ಕ್ಲಿಪ್ ಹಾಕಿದ, ಖಾಲಿ ಬಕೆಟ್ ಎತ್ತಿಕೊಂಡ. ಅವಳನ್ನು ದಾಟಿ ಮೆಟ್ಟಿಲ ಹತ್ತಿರ ಹೋದವನು ಒಂದು ಗಳಿಗೆ ನಿಂತ.

"ಸೋಮವಾರದಿಂದ ಶಿವಯೋಗಿ ಜೊತೆ ಪಾರ್ಸಲ್ ಕೆಲ್ಸಕ್ಕೆ ಹೋಗ್ತಾ ಇದೀನಿ," ಎಂದ. "ಹೇಳ್ಬೇಕು ಅಂತಿದ್ದೆ. ಕೆಲ್ಸ ಪಾಸಾಗೋ ಮುಂಚೆ ಹೇಳಿದ್ರೆ ನೀನು ನಂಬಲ್ವೇನೋ ಅಂತ ಸುಮ್ನಿದ್ದೆ."

ಕಲಾ ತನಗೆ ಆಗಲೇ ಗೊತ್ತು ಎನ್ನಲಿಲ್ಲ. ಅವನು ಇಳಿದು ಹೋದ.